ಅನ್ಯರ ಬಾಗಿಲಿಗೆ ನಮ್ಮ ಬಣ್ಣ

ಕಳೆದ ರಾಜ್ಯೋತ್ಸವದ ಸಭೆಯಲ್ಲಿ ಬೆಂಗಳೂರಿನಿಂದ ದಯಮಾಡಿಸಿದ್ದ ಅತಿಥಿಗಳು ಒಂದು ಮಾತನ್ನಾಡಿದರು. ಜಗತ್ತಿನ ಮಕ್ಕಳು ಇಂದು ಆಡುತ್ತಿರುವ ದೊಡ್ಡ ದೊಡ್ಡ ವಿಡಿಯೋ ಆಟಗಳಲ್ಲಿ ಕನ್ನಡ ನಾಡಿನ ಕೈಚಳಕವಿದೆ, ಇದಕ್ಕಿಂತ ಹೆಮ್ಮೆ ಬೇರೇನು ಬೇಕು ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಹೊರನಾಡಿನಲ್ಲಿ ನೆಲೆಸಿದವರಿಗೆ ತವರಿನ ಯಾವ ಸುದ್ದಿಯಾದರೂ ಚಪ್ಪಾಳೆಗೆ ಯೋಗ್ಯವೇ. ಸಭೆ ಮುಗಿದು ಕಾಫಿಯ ಹೊತ್ತಿಗೆ ಅವರನ್ನು ಸಮೀಪಿಸಿ, "ಆ ಆಟಗಳ ಪೈಕಿ ಕನ್ನಡದ್ದು ಯಾವುದು?" ಎಂದು ಕೇಳಿದೆ. ಅವರು ಸೌಜನ್ಯದಿಂದಲೇ ನಕ್ಕು, "ಕನ್ನಡಕ್ಕೆ ಮಾರುಕಟ್ಟೆ ಎಲ್ಲಿದೆ, ಸ್ವಾಮಿ?" ಎಂದರು. ಈ ಬರಹ ಆ ನಗೆಗೆ ನನ್ನ ತಡವಾದ ಉತ್ತರ.

ಮಾರುಕಟ್ಟೆಯೆಂದರೇನು ಎಂಬುದನ್ನು ಲೇಕ್ ಮಾರ್ಕೆಟ್ಟಿನಲ್ಲಿ ಬಾಳಿದವರಿಗೆ ಯಾರೂ ಕಲಿಸಬೇಕಾಗಿಲ್ಲ. ಮಲ್ಲಿಗೆ ಮಾಲೆ, ಬಾಳೆಲೆ, ಆಗತಾನೆ ಪುಡಿಮಾಡಿದ ಕಾಫಿ, ಇವೆಲ್ಲ ರಾಸಬಿಹಾರಿ ಅವೆನ್ಯೂವಿನ ಈ ತುಣುಕಿನಲ್ಲಿ ದೊರೆಯುತ್ತಿರುವುದು ದಕ್ಷಿಣದವರು ಇಲ್ಲಿ ಬೇಡಿಕೆಯನ್ನು ತಾವೇ ಹುಟ್ಟಿಸಿದ್ದರಿಂದ. ಹಾಗೆಯೇ ಬಾಡಿಗೆಯ ಮರ್ಮವೂ ನಮಗೆ ಗೊತ್ತು. ಈ ಊರಿನಲ್ಲಿ ಅಂಗಡಿ ಹಿಡಿಯಬೇಕಾದರೆ ಮೊದಲು ಒಡೆಯನಿಗೆ 'ಸೇಲಾಮಿ' ಸಲ್ಲಬೇಕು. ಆಮೇಲೆ ತಿಂಗಳ ಬಾಡಿಗೆ. ಅಂಗಡಿಯನ್ನು ಇನ್ನೊಬ್ಬರಿಗೆ ವಹಿಸಿಕೊಡುವಾಗಲೂ ಒಡೆಯನ ಪಾಲು ಒಡೆಯನಿಗೆ. ವ್ಯಾಪಾರದ ಲಾಭನಷ್ಟ ನಮ್ಮದು, ಗೋಡೆ ಅವನದು. ಹಳೆಯ ಮಾರುಕಟ್ಟೆಯ ಜಾಗದಲ್ಲಿ ಈಗ ಲೇಕ್ ಮಾಲ್ ಎದ್ದು ನಿಂತಿದೆ. ಗೋಡೆ ಯಾರದು ಎಂಬ ಪ್ರಶ್ನೆ ಎಷ್ಟು ದೊಡ್ಡದೆಂದು ಅದನ್ನು ನೋಡಿದವರೆಲ್ಲ ಬಲ್ಲರು.

ಟಿ.ವಿ.ಗೆ ಜೋಡಿಸಿ ಆಡುವ ಕನ್ಸೋಲ್ ಎಂಬ ಪೆಟ್ಟಿಗೆಯ ವ್ಯಾಪಾರವೂ ಅಕ್ಷರಶಃ ಇದೇ. ಪೆಟ್ಟಿಗೆಯನ್ನು ಅಗ್ಗಕ್ಕೆ, ಅನೇಕ ವೇಳೆ ನಷ್ಟಕ್ಕೇ ಮಾರಿ ಮನೆಮನೆಗೆ ಸೇರಿಸುವುದು. ಆ ಪೆಟ್ಟಿಗೆಯಲ್ಲಿ ಓಡುವ ಪ್ರತಿಯೊಂದು ಆಟದ ಮೇಲೂ ಸುಂಕ ವಸೂಲು ಮಾಡುವುದು. ತಾನು ಕನ್ಸೋಲ್ ಮಾರಾಟದಿಂದ ಎಂದೂ ಲಾಭ ಗಳಿಸಿಲ್ಲವೆಂದು ಮೈಕ್ರೋಸಾಫ್ಟಿನ ಅಧಿಕಾರಿಯೇ 2021ರಲ್ಲಿ ಅಮೆರಿಕದ ನ್ಯಾಯಾಲಯವೊಂದರ ಮುಂದೆ ಹೇಳಿಕೆ ಕೊಟ್ಟದ್ದುಂಟು. ಪೆಟ್ಟಿಗೆಯೊಳಗಿನ ಅಂಗಡಿಯಲ್ಲಿ ಮಾರಾಟವಾದ ಆಟದ ಬೆಲೆಯಲ್ಲಿ ಸುಮಾರು ಶೇಕಡಾ 30ರಷ್ಟು ಒಡೆಯನ ಪಾಲು ಎಂಬುದು ಈ ಉದ್ಯಮದ ರೂಢಿ. ಈ ಪದ್ಧತಿಯನ್ನು ಗಟ್ಟಿಗೊಳಿಸಿದ್ದು ಜಪಾನಿನ ನಿಂಟೆಂಡೋ. 1985ರಿಂದ ಅಮೆರಿಕದಲ್ಲಿ ಮಾರಿದ ತನ್ನ ಪೆಟ್ಟಿಗೆಗೆ ಅದು ಬೀಗದಂಥ ಒಂದು ಚಿಪ್ ಅಳವಡಿಸಿತು. ಅನುಮತಿಯಿಲ್ಲದ ಆಟ ಓಡದು. ಅನುಮತಿ ಪಡೆದವರಿಗೂ ವರ್ಷಕ್ಕೆ ಐದೇ ಆಟಗಳ ಮಿತಿ. ಕ್ಯಾಟ್ರಿಡ್ಜುಗಳನ್ನು ತಯಾರಿಸಿ ಕೊಡುವುದೂ ನಿಂಟೆಂಡೋವೇ. ಈ ಮಿತಿಯಿಂದ ಪಾರಾಗಲು ಕೊನಾಮಿ ಎಂಬ ಸಂಸ್ಥೆ 'ಅಲ್ಟ್ರಾ' ಎಂಬ ಇನ್ನೊಂದು ಹೆಸರಿನಲ್ಲಿ ಆಟಗಳನ್ನು ಹೊರತರಬೇಕಾಯಿತು. ನಮ್ಮ ಕಡೆ ಇದಕ್ಕೆ ಬೇನಾಮಿ ಎನ್ನುತ್ತಾರೆ.

ಒಡೆಯರು ತಮ್ಮತಮ್ಮಲ್ಲೇ ಕಾದಾಡುವಾಗ ಒಕ್ಕಲಿಗೆ ಒಂದಿಷ್ಟು ಉಸಿರಾಡಲು ಎಡೆ ಸಿಗುತ್ತದೆ. 1994ರಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ನಿನಲ್ಲಿ ದುಬಾರಿ ಕ್ಯಾಟ್ರಿಡ್ಜಿನ ಬದಲು ಅಗ್ಗದ ಸಿ.ಡಿ.ಯನ್ನು ತಂದಿತು. ನಿಂಟೆಂಡೋವನ್ನೇ ನಂಬಿಕೊಂಡಿದ್ದ ಸ್ಕ್ವೇರ್ ಸಂಸ್ಥೆ ತನ್ನ 'ಫೈನಲ್ ಫ್ಯಾಂಟಸಿ'ಯ ಏಳನೆಯ ಕೃತಿಯನ್ನು 1997ರಲ್ಲಿ ಸೋನಿಯ ಮನೆಗೆ ಒಯ್ದಿತು. ಸೆಗಾದಂಥ ಒಡೆಯನೇ 2001ರಲ್ಲಿ ಡ್ರೀಮ್‌ಕಾಸ್ಟ್ ಪೆಟ್ಟಿಗೆಯನ್ನು ನಿಲ್ಲಿಸಿ, ಹಿಂದಿನ ಪ್ರತಿಸ್ಪರ್ಧಿಗಳ ಮನೆಯಲ್ಲಿ ಒಕ್ಕಲಾಗಿ ಆಟ ಮಾರತೊಡಗಿತು. ಆದರೆ ಕಾದಾಟ ಹೆಚ್ಚಿದಂತೆ ಒಡೆಯರು ಕಂಡುಕೊಂಡ ಉಪಾಯ ಬೇರೆ, ಒಕ್ಕಲನ್ನೇ ಕೊಂಡುಬಿಡುವುದು. 2002ರಲ್ಲಿ ಮೈಕ್ರೋಸಾಫ್ಟ್ 37.5 ಕೋಟಿ ಡಾಲರಿಗೆ ಇಂಗ್ಲೆಂಡಿನ ರೇರ್ ಸ್ಟುಡಿಯೋವನ್ನು ಕೊಂಡಿತು. 2021ರಲ್ಲಿ 750 ಕೋಟಿ ಡಾಲರಿಗೆ ಬೆಥೆಸ್ಡಾದ ಮಾತೃಸಂಸ್ಥೆಯನ್ನು. 2023ರ ಅಕ್ಟೋಬರಿನಲ್ಲಿ 6,870 ಕೋಟಿ ಡಾಲರಿಗೆ ಆಕ್ಟಿವಿಷನ್ ಬ್ಲಿಜಾರ್ಡನ್ನು. ನಾಲ್ಕು ತಿಂಗಳು ಕಳೆಯುವುದರೊಳಗೆ ಆಟಗಳ ವಿಭಾಗದಿಂದ 1,900 ಮಂದಿಯನ್ನು ಮನೆಗೆ ಕಳುಹಿಸಲಾಯಿತು. 2024ರ ಮೇ ತಿಂಗಳಲ್ಲಿ ಟೋಕಿಯೋದ ಟ್ಯಾಂಗೋ ಸ್ಟುಡಿಯೋವನ್ನು ಮುಚ್ಚುವ ಘೋಷಣೆಯಾಯಿತು. ಆ ಸ್ಟುಡಿಯೋ ಹಿಂದಿನ ವರ್ಷವಷ್ಟೇ 'ಹೈ-ಫೈ ರಶ್' ಎಂಬ, ಎಲ್ಲರೂ ಮೆಚ್ಚಿದ ಆಟ ಕೊಟ್ಟಿತ್ತು. ಕೊರಿಯಾದ ಕ್ರಾಫ್ಟನ್ ಮುಂದೆ ಬಂದು ವಹಿಸಿಕೊಳ್ಳದಿದ್ದರೆ ಅದರ ಹೆಸರೂ ಉಳಿಯುತ್ತಿರಲಿಲ್ಲ. ಸೋನಿಯೂ ಇದಕ್ಕೆ ಹೊರತಲ್ಲ. 'ಕಾನ್ಕಾರ್ಡ್' ಎಂಬ ಆಟವನ್ನು 2024ರ ಆಗಸ್ಟಿನಲ್ಲಿ ಹೊರತಂದು, ಎರಡೇ ವಾರಗಳಲ್ಲಿ ಹಿಂತೆಗೆದುಕೊಂಡು, ಅಕ್ಟೋಬರಿನಲ್ಲಿ ಅದನ್ನು ಕಟ್ಟಿದ ಸ್ಟುಡಿಯೋವನ್ನೇ ಮುಚ್ಚಿತು. ಸೋತವನೂ ಹೋದ, ಗೆದ್ದವನೂ ಹೋದ.

ಇಷ್ಟೆಲ್ಲ ದೂರದ ಕಥೆ ನಮಗೇಕೆ ಎನ್ನುವವರು ಬೆಂಗಳೂರಿನ 'ಧ್ರುವ'ದ ಕಥೆಯನ್ನು ಕೇಳಬೇಕು. 1997ರಲ್ಲಿ ರಾಜೇಶ್ ರಾವ್ ಅವರು ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಭಾರತದ ಆಟದ ಸ್ಟುಡಿಯೋಗಳಲ್ಲೇ ಹಿರಿಯದು. ಮೈಕ್ರೋಸಾಫ್ಟಿನ 'ಫೋರ್ಜಾ' ಪಂದ್ಯಗಳಲ್ಲಿ ಓಡುವ ಮೋಟಾರುಗಳ ಮೈಗೆ ಮೆರುಗು ಬಂದುದರಲ್ಲಿ ಈ ಸ್ಟುಡಿಯೋದ ಕೈಯಿದೆ. ಎರಡು ದಶಕಗಳ ದುಡಿಮೆಯ ನಂತರ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿ ಅದರ ಶೇಕಡಾ 90.5 ಪಾಲನ್ನು 85 ಲಕ್ಷ ಡಾಲರಿಗೆ ಕೊಳ್ಳುವುದಾಗಿ 2016ರ ಕೊನೆಗೆ ಪ್ರಕಟಿಸಿತು. 2018ರ ನವೆಂಬರಿನಲ್ಲಿ ಆ ಕಂಪನಿಯ ಆಟವೊಂದು ಮಾರುಕಟ್ಟೆಯಲ್ಲಿ ನೆಲಕಚ್ಚಿತು. ಮರುತಿಂಗಳೇ ಕಂಪನಿ ಸಾಲಗಾರರಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು. 2019ರ ಮೇ ತಿಂಗಳಲ್ಲಿ ಧ್ರುವವನ್ನು ಅಮೆರಿಕದ ರಾಕ್‌ಸ್ಟಾರ್ ಗೇಮ್ಸಿಗೆ 79 ಲಕ್ಷ ಡಾಲರಿಗೆ ಮಾರಿತು. ಕೊಂಡದ್ದಕ್ಕಿಂತ ಕಡಿಮೆಗೆ! ಆಗ ಅಲ್ಲಿದ್ದವರು ಮುನ್ನೂರಕ್ಕೂ ಹೆಚ್ಚು ಮಂದಿ. ಸ್ಟಾಕ್‌ಹೋಮಿನವರ ಆಟ ಸೋತರೆ ಬೆಂಗಳೂರಿನ ಮೇಜುಗಳ ಒಡೆತನ ಬದಲಾಗುತ್ತದೆ. ಧ್ರುವನಕ್ಷತ್ರಕ್ಕೆ ಸ್ಥಾನಪಲ್ಲಟವಿಲ್ಲವೆಂದು ನಮ್ಮ ಹಿರಿಯರು ನಂಬಿದ್ದರು.

ಧ್ರುವದವರಿಗೆ ಹೊಸ ಒಡೆಯನಾದರೂ ಸಿಕ್ಕಿದ. 2025ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಟೆಕ್ನಿಕಲರ್ ಕುಸಿದಾಗ, ಸಿನಿಮಾ, ಅನಿಮೇಷನ್, ಆಟ ಮೂರಕ್ಕೂ ದುಡಿಯುತ್ತಿದ್ದ ಅದರ ಬೆಂಗಳೂರಿನ ಕಾರ್ಯಾಲಯದ ಸುಮಾರು 3,000 ಮಂದಿ ಹಠಾತ್ತನೆ ಬೀದಿಗೆ ಬಿದ್ದರು. ಅವರ ಕೆಲಸದಲ್ಲಿ ಲೋಪವಿತ್ತೆಂದು ಯಾರೂ ಹೇಳಲಿಲ್ಲ.

ನಮ್ಮ ನೆರೆಯ ಜನಕ್ ರಸ್ತೆಯ ಹುಡುಗನೊಬ್ಬ, ಮನೆಯಲ್ಲಿ ಉಡುಪಿಯ ಕನ್ನಡ, ಬೀದಿಯಲ್ಲಿ ಬಂಗಾಳಿ ಆಡುತ್ತ ಬೆಳೆದವನು, ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಆರು ವರ್ಷ ದುಡಿದ. ಅವನ ಪಾಲಿಗೆ ಬಂದದ್ದು ಕಲ್ಲು, ಬೇಲಿ, ಹಳೆಯ ಬಾಗಿಲುಗಳು. ಎಂದೂ ಕಾಣದ ಅಮೆರಿಕದ ಹಳ್ಳಿಗಳ ಬಾಗಿಲುಗಳಿಗೆ ಬಣ್ಣ ಸುಲಿದಂತೆ, ಮರ ಹುಳಹಿಡಿದಂತೆ ಚಿತ್ರಿಸುವುದರಲ್ಲಿ ಅವನು ಪ್ರವೀಣನಾದ. ಒಂದು ಬೆಳಿಗ್ಗೆ ಅವನ ತಂಡವೇ ಬೇಡವಾಯಿತು. ಈಗ ಊರಿಗೆ ಮರಳಿದ್ದಾನೆ. "ಬಾಗಿಲಿನಾಚೆ ಏನಿತ್ತು?" ಎಂದು ನಾನು ಕೇಳಿದರೆ, "ಆಚೆಯದು ನಮಗೆ ತೋರಿಸುತ್ತಿರಲಿಲ್ಲ" ಎಂದ.

ಕೂಲಿ ಅವಮಾನವೆಂದು ನಾನು ಹೇಳುತ್ತಿಲ್ಲ. ನಮ್ಮ ತಂದೆ ತಾತಂದಿರು ಈ ಊರಿಗೆ ಬಂದದ್ದೇ ಅನ್ಯರ ಕಚೇರಿಯ ಲೆಕ್ಕ ಬರೆಯಲು, ಅನ್ಯರಿಗೆ ಅನ್ನ ಬಡಿಸಲು. ಆದರೆ ಬಡಿಸಲು ಬಂದವರು ಇಡ್ಲಿ-ದೋಸೆಯನ್ನೇ ಬಡಿಸಿದರು; ಬಂಗಾಳಿಯ ನಾಲಗೆಗೆ ಸಾಂಬಾರಿನ ರುಚಿ ಹತ್ತಿಸಿದರು. ಕೂಲಿಯವರಾಗಿದ್ದೂ ತಮ್ಮದನ್ನು ಮಾರಿದರು. ಮಾರುಕಟ್ಟೆ ಎಲ್ಲಿದೆ ಎಂದು ಅವರು ಯಾವ ಅತಿಥಿಯನ್ನೂ ಕೇಳಲಿಲ್ಲ.

ಇಲ್ಲಿ ನಮ್ಮ ನೆರೆಹೊರೆಯ ತಮಿಳರತ್ತ ಒಮ್ಮೆ ನೋಡಬೇಕು. 2023ರ ಜುಲೈ 31ರಂದು ಟೊರಾಂಟೋದ ವಿಸೈ ಗೇಮ್ಸ್ ಎಂಬ ಪುಟ್ಟ ಸ್ಟುಡಿಯೋ 'ವೆಂಬಾ' ಎಂಬ ಆಟವನ್ನು ಹೊರತಂದಿತು. 1980ರ ದಶಕದಲ್ಲಿ ಕೆನಡಾಕ್ಕೆ ವಲಸೆ ಹೋದ ತಮಿಳು ತಾಯಿಯೊಬ್ಬಳ ಅಡುಗೆಮನೆಯೇ ಅದರ ರಂಗಸ್ಥಳ. ಅವಳ ಬಳಿ ಹರಿದ, ಕಲೆಯಾದ ಒಂದು ಅಡುಗೆ ಪುಸ್ತಕ. ಅಳಿಸಿಹೋದ ಸಾಲುಗಳನ್ನು ಆಡುವವನೇ ಊಹಿಸಿ ಪೂರೈಸಬೇಕು. ಮೊದಲ ಒಗಟು ಯಾವುದೆಂದು ಬಲ್ಲಿರಾ? ಇಡ್ಲಿ! ತಟ್ಟೆಗಳನ್ನು ಹೇಗೆ ಜೋಡಿಸಿದರೆ ಹಬೆ ಸರಿಯಾಗಿ ಹಾಯ್ದು ಇಡ್ಲಿ ಕೆಡುವುದಿಲ್ಲ ಎಂಬುದು. ಮಗ ಇಂಗ್ಲಿಷಿಗೆ ಜಾರಿಹೋಗುವ ನೋವು ಅದರೊಳಗೆ ಮೆಲ್ಲಗೆ ಹರಿಯುತ್ತದೆ. ನಮ್ಮ ಸಂಘದ ಯಾವ ಮನೆಯಲ್ಲಿ ಆ ನೋವಿಲ್ಲ? ಈ ಆಟ ನಿಂಟೆಂಡೋ, ಸೋನಿ, ಮೈಕ್ರೋಸಾಫ್ಟ್ ಮೂರರ ಪೆಟ್ಟಿಗೆಗಳಲ್ಲೂ ಬಂತು. 2024ರಲ್ಲಿ ಬ್ರಿಟನ್ನಿನ ಬಾಫ್ಟಾ ಅಕಾಡೆಮಿಯಿಂದ ಚೊಚ್ಚಲ ಕೃತಿಯ ಪ್ರಶಸ್ತಿ ಪಡೆಯಿತು.

ಅದು ಸಾಧ್ಯವಾದದ್ದರ ಹಿಂದೆ ಒಡೆಯರ ಲೆಕ್ಕಾಚಾರವೂ ಇದೆ. ಮೈಕ್ರೋಸಾಫ್ಟ್ 2017ರಲ್ಲಿ ಮಾಸಿಕ ಚಂದಾ ಪದ್ಧತಿಯ 'ಗೇಮ್ ಪಾಸ್' ಆರಂಭಿಸಿತು. ಚಂದಾದಾರರಿಗೆ ದಿನಕ್ಕೊಂದು ಹೊಸತು ತೋರಿಸಬೇಕಾದ ಒತ್ತಡದಲ್ಲಿ ಸಣ್ಣ ಸ್ಟುಡಿಯೋಗಳಿಗೂ ಮೊದಲೇ ಇಡಿಗಂಟು ಕೊಟ್ಟು ಕರೆತರುವ ಕಾಲ ಬಂತು. 'ವೆಂಬಾ' ಮೊದಲ ದಿನವೇ ಆ ಪಟ್ಟಿಯಲ್ಲಿತ್ತು. ಇಂಥ ಕಿಟಕಿಗಳು ಒಡೆಯನ ಅಗತ್ಯಕ್ಕೆ ತೆರೆಯುತ್ತವೆ, ಅಗತ್ಯ ತೀರಿದೊಡನೆ ಮುಚ್ಚುತ್ತವೆ. ಪ್ಲೇಸ್ಟೇಷನ್-2ರ ಇಳಿಗಾಲದಲ್ಲಿ ಸೋನಿಗೆ ಭಾರತದ ಅಗ್ಗದ ಮಾರುಕಟ್ಟೆ ನೆನಪಾದಾಗ, ಹೈದರಾಬಾದಿನ ಅರೋನಾ ಸಂಸ್ಥೆ 2009ರಲ್ಲಿ ಹನುಮಂತನ ಆಟವನ್ನು ಕಟ್ಟಿಕೊಟ್ಟಿತು. ಪುಣೆಯ ನಾಡಿಂಗ್ ಹೆಡ್ಸ್ ತಂಡ ಸಾರ್ವಜನಿಕರಿಂದ ಹಣ ಕೂಡಿಸಹೊರಟು 2017ರಲ್ಲಿ ವಿಫಲವಾಗಿಯೂ, 2020ರಲ್ಲಿ 'ರಾಜಿ'ಯನ್ನು ಮೊದಲು ನಿಂಟೆಂಡೋ ಪೆಟ್ಟಿಗೆಯಲ್ಲೇ ಹೊರತಂದಿತು. 2023ರಲ್ಲಿ ಸೋನಿ ಮತ್ತೆ 'ಇಂಡಿಯಾ ಹೀರೋ ಪ್ರಾಜೆಕ್ಟ್' ಎಂದು ಬಾಗಿಲು ತೆರೆದಿತು. ಕಿಟಕಿ ತೆರೆದಾಗ ಕೈಯಲ್ಲಿ ಏನಾದರೂ ಹಿಡಿದು ನಿಂತವರಿಗೆ ದಕ್ಕಿತು. ಬೆಂಗಳೂರಿನಲ್ಲಿ ಕೈಗಳಿಗೆ ಬರವಿರಲಿಲ್ಲ. ಆ ಕೈಗಳೆಲ್ಲ ಅನ್ಯರ ಕೆಲಸದಲ್ಲಿದ್ದವು.

ಕರ್ನಾಟಕ ಸರ್ಕಾರ 2012ರಲ್ಲೇ ಈ ಕ್ಷೇತ್ರಕ್ಕೊಂದು ನೀತಿ ರೂಪಿಸಿತು. ಇಂಥ ನೀತಿ ತಂದ ಮೊದಲ ರಾಜ್ಯ ತಾನೆಂದು ಹೇಳಿಕೊಂಡಿತು. 2024ರಿಂದ 2029ರವರೆಗಿನ ಹೊಸ ನೀತಿ 30,000 ಹೊಸ ಉದ್ಯೋಗಗಳ ಭರವಸೆ ಕೊಡುತ್ತದೆ. ಉದ್ಯೋಗ ಬೇಡವೆನ್ನುವ ಮೂರ್ಖ ನಾನಲ್ಲ. ಆದರೆ 30,000 ಮಂದಿ ಬಾಗಿಲಿಗೆ ಬಣ್ಣ ಬಳಿಯುವವರೇ ಆದರೆ, ಬಾಗಿಲು ಮುಚ್ಚುವ ದಿನ ಬೀದಿಗೆ ಬೀಳುವವರು ಮೂರು ಸಾವಿರವಲ್ಲ, ಮೂವತ್ತು ಸಾವಿರ. ಉಳುವವನೇ ಹೊಲದ ಒಡೆಯನೆಂದು 1974ರಲ್ಲಿ ಕಾನೂನು ತಿದ್ದಿದ ನಾಡು ನಮ್ಮದು. 1978ರಲ್ಲಿ ಬರ್ಗಾದಾರರ ಹೆಸರನ್ನು ದಾಖಲೆಗೆ ಏರಿಸತೊಡಗಿದ ನಾಡು ನಾವಿರುವುದು. ಈ ಎರಡೂ ಮಣ್ಣಿನ ಉಪ್ಪು ತಿಂದವರು ಒಕ್ಕಲುತನವನ್ನೇ ಸಾಧನೆಯೆಂದು ವೇದಿಕೆಯ ಮೇಲೆ ಸನ್ಮಾನಿಸುವುದು ನನಗೆ ಸೋಜಿಗ.

ಪೆಟ್ಟಿಗೆ ನಮ್ಮದಾಗದು, ಅದಕ್ಕೆ ಬೇಕಾದ ಬಂಡವಾಳ ನಮ್ಮಲ್ಲಿಲ್ಲ. ಕಥೆ ನಮ್ಮದಾಗಲು ಅಷ್ಟು ಬಂಡವಾಳ ಬೇಡ. ಜನಕ್ ರಸ್ತೆಯ ಹುಡುಗ ಈಗ ಇನ್ನಿಬ್ಬರನ್ನು ಕೂಡಿಕೊಂಡು, ಕಲ್ಕತ್ತೆಗೆ ಬಂದ ಉಡುಪಿಯ ಅಡುಗೆಯವನೊಬ್ಬನ ಆಟವನ್ನು ಕಟ್ಟುತ್ತಿದ್ದಾನೆ. ಅವನಿಗೆ ಕಂಪ್ಯೂಟರ್ ಇಡಲು ಜಾಗ ಬೇಕು, ಹಳಬರ ನೆನಪುಗಳು ಬೇಕು, ಒಂದು ವರ್ಷದ ಊಟ ಬೇಕು. ಸಂಘದ ಗ್ರಂಥಾಲಯದ ಕೊಠಡಿ ವಾರದಲ್ಲಿ ಐದು ದಿನ ಬೀಗ ಹಾಕಿಕೊಂಡೇ ಇರುತ್ತದೆ. ಬರುವ ನವೆಂಬರಿನ ಅತಿಥಿಯ ವಿಮಾನದ ಖರ್ಚನ್ನು ಈ ಕೊಠಡಿಗೆ ತಿರುಗಿಸಬೇಕೆಂದು ಕಾರ್ಯಕಾರಿ ಸಮಿತಿಗೆ ಪತ್ರ ಬರೆದಿದ್ದೇನೆ. ಅದನ್ನು ವಾರ್ಷಿಕ ಸಭೆಯ ಮುಂದೆ ಓದಬೇಕು, ಸದಸ್ಯರು ಕೈಯೆತ್ತಿ ಮತ ಹೇಳಬೇಕು.