ತಪಾಸಣೆ 14 ಕೋಟಿ, ಪತ್ತೆ 57 ಸಾವಿರ: ಸ್ತನ ಕ್ಯಾನ್ಸರ್ ಲೆಕ್ಕ ಎಲ್ಲಿ ತಪ್ಪುತ್ತಿದೆ?

ಅಕ್ಕಲಕೋಟ: ತಾಲೂಕಿನ ಒಂದು ಹಳ್ಳಿಯ ಉಪಕೇಂದ್ರದಲ್ಲಿ ಆರೋಗ್ಯ ತಪಾಸಣೆ ಇತ್ತು. 30 ವರ್ಷ ದಾಟಿದವರೆಲ್ಲ ಬರಬೇಕು ಎಂದು ಹಿಂದಿನ ದಿನವೇ ಡಂಗುರ ಸಾರಿದ್ದರು. ನಮ್ಮ ತಾಯಿಯವರನ್ನು ಕರೆದುಕೊಂಡು ನಾನೂ ಹೋಗಿದ್ದೆ. ಫಾರ್ಮ್ ತುಂಬುತ್ತಿದ್ದ ತಾಯಿ ಮರಾಠಿಯಲ್ಲಿ ಕೇಳಿದರು: ‘ಛಾತೀತ ಕಾಹೀ ತ್ರಾಸ ಆಹೇ ಕಾ?’ ಅವ್ವ ಕನ್ನಡದಾಗ ಉತ್ತರ ಕೊಟ್ಟಳು: ‘ಎದಿ ಏನೂ ಇಲ್ಲವ್ವ, ಏರು ಹತ್ತಿದ್ರ ಜರಾ ದಮ್ಮ ಹತ್ತತದ ಅಷ್ಟ.’ ಫಾರ್ಮಿನ ಮೇಲೆ ಒಂದು ಗೆರೆ ಬಿತ್ತು. ಮುಂದಿನವರು ಬನ್ರಿ ಅಂದರು.

ಮನೆಗೆ ಬರುವಾಗ ‘ಏನೇನು ನೋಡಿದ್ರು?’ ಎಂದು ಕೇಳಿದೆ. ‘ಬಿಪಿ ನೋಡಿದ್ರು, ಸಕ್ರಿ ನೋಡಿದ್ರು. ಮತ್ತೇನು ನೋಡ್ತಾರ?’ ಅಂದಳು. ಆದರೆ ಕೈಯಲ್ಲಿದ್ದ ಕಾಗದದ ಮೇಲೆ ಸ್ತನ ಕ್ಯಾನ್ಸರ್ ತಪಾಸಣೆಯ ಮುಂದೆಯೂ ‘ಆಗಿದೆ’ ಎಂಬ ಗುರುತಿತ್ತು.

ಒಂದು ಹಳ್ಳಿಯ ಒಂದು ಫಾರ್ಮಿನಿಂದ ಇಡೀ ದೇಶದ ಕಾರ್ಯಕ್ರಮವನ್ನು ಅಳೆಯಲಾಗದು. ಆದರೆ ದೇಶದ ಅಂಕಿಗಳನ್ನು ಎದುರಿಗಿಟ್ಟುಕೊಂಡು ಕೂತರೆ, ಇಂಥ ಫಾರ್ಮು ಇದೊಂದೇ ಇರಲಿಕ್ಕಿಲ್ಲ ಎಂಬ ಸಂಶಯ ಬರುತ್ತದೆ.

ಅಂಕಿ ಏನು ಹೇಳುತ್ತವೆ?

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್‌ನಂಥ ರೋಗಗಳಿಗಾಗಿ ಕೇಂದ್ರ ಸರಕಾರದ ಕಾರ್ಯಕ್ರಮ ಶುರುವಾದದ್ದು 2010ರಲ್ಲಿ. ಬಾಯಿ, ಸ್ತನ, ಗರ್ಭಕಂಠ ಈ ಮೂರು ಕ್ಯಾನ್ಸರ್‌ಗಳನ್ನು ಹಳ್ಳಿ ಮಟ್ಟದಲ್ಲೇ ತಪಾಸಣೆ ಮಾಡುವ ಮಾರ್ಗಸೂಚಿ ಬಂದದ್ದು 2016ರಲ್ಲಿ. ಅದರಂತೆ 30ರಿಂದ 65 ವರ್ಷದ ಪ್ರತಿ ಮಹಿಳೆಯ ಸ್ತನವನ್ನು ಐದು ವರ್ಷಕ್ಕೊಮ್ಮೆ ತರಬೇತಿ ಪಡೆದವರು ಕೈಯಿಂದ ಮುಟ್ಟಿ ಪರೀಕ್ಷಿಸಬೇಕು. 2018ರಿಂದ ಈ ಕೆಲಸ ಹೆಲ್ತ್ ಅಂಡ್ ವೆಲ್‌ನೆಸ್ ಸೆಂಟರ್‌ಗಳ ಪಾಲಿಗೆ ಬಂತು. 2023ರಲ್ಲಿ ಅವುಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರಾಯಿತು.

2025ರ ಆರಂಭದ ಹೊತ್ತಿಗೆ ಕೇಂದ್ರ ಸರಕಾರ ಕೊಟ್ಟ ಲೆಕ್ಕದ ಪ್ರಕಾರ 14 ಕೋಟಿಗೂ ಹೆಚ್ಚು ಮಹಿಳೆಯರ ಸ್ತನ ತಪಾಸಣೆ ಆಗಿದೆ. ರೋಗ ಪತ್ತೆಯಾದವರು 57 ಸಾವಿರ ಚಿಲ್ಲರೆ. ಚಿಕಿತ್ಸೆಗೆ ಸೇರಿದವರು 50 ಸಾವಿರ ಚಿಲ್ಲರೆ.

14 ಕೋಟಿ ಎಂಬುದು ಕೇಳಲಿಕ್ಕೆ ದೊಡ್ಡ ಸಂಖ್ಯೆ. ಆದರೆ ದೇಶದಲ್ಲಿ 30 ದಾಟಿದ ಮಹಿಳೆಯರು 30 ಕೋಟಿಗೂ ಮಿಕ್ಕಿದ್ದಾರೆ. ಅಂದರೆ ಸರಕಾರದ ಲೆಕ್ಕವನ್ನೇ ಹಾಗೇ ಒಪ್ಪಿಕೊಂಡರೂ ಪಾಲ್ಗೊಂಡವರು ಅರ್ಧಕ್ಕಿಂತ ಕಡಿಮೆ.

ಇನ್ನು ಪತ್ತೆಯ ಪ್ರಮಾಣ. ಪ್ರತಿ 10 ಸಾವಿರ ತಪಾಸಣೆಗೆ ಸುಮಾರು ನಾಲ್ಕು. ಇದು ಕಡಿಮೆಯೋ ಸರಿಯೋ? ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022 ಒಂದೇ ವರ್ಷದಲ್ಲಿ ಭಾರತದಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಕಾಣಿಸಿಕೊಂಡವರು 1 ಲಕ್ಷ 92 ಸಾವಿರ. ಸತ್ತವರು 98 ಸಾವಿರ. ಹಾಗಾದರೆ ಇಷ್ಟು ವರ್ಷ, ಇಷ್ಟು ಕೋಟಿ ಮಹಿಳೆಯರನ್ನು ತಪಾಸಣೆ ಮಾಡಿ ಸಿಕ್ಕದ್ದು ಒಂದು ವರ್ಷದ ಹೊಸ ರೋಗಿಗಳ ಮೂರನೇ ಒಂದು ಪಾಲೂ ಅಲ್ಲ. ಅರ್ಧದಷ್ಟು ಮಹಿಳೆಯರನ್ನು ನಿಜಕ್ಕೂ ಕೈ ಮುಟ್ಟಿ ನೋಡಿದ್ದರೆ ಇದಕ್ಕಿಂತ ಹೆಚ್ಚು ಸಿಗಬೇಕಿತ್ತು. ಲೆಕ್ಕಪತ್ರ ಬರೆಯುವವರು ಇಂಥದ್ದಕ್ಕೆ ವೋಚರ್ ಇಲ್ಲದ ಎಂಟ್ರಿ ಅನ್ನುತ್ತಾರೆ.

ಮನೆಯಲ್ಲಿ ಕೇಳಿದರೆ ಬೇರೆ ಉತ್ತರ

ಸಂಶಯಕ್ಕೆ ಇನ್ನೊಂದು ಕಾರಣವೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಗಳಿಗೆ ಹೋಗಿ, ‘ಕ್ಯಾನ್ಸರ್‌ಗಾಗಿ ಎಂದಾದರೂ ಸ್ತನ ಪರೀಕ್ಷೆ ಆಗಿದೆಯೇ?’ ಎಂದು 30ರಿಂದ 49 ವರ್ಷದ ಮಹಿಳೆಯರನ್ನು ಕೇಳಿದ್ದರು. ಹೌದು ಎಂದವರು ಶೇ. 0.9 ಮಾತ್ರ. ನೂರರಲ್ಲಿ ಒಬ್ಬಳೂ ಪೂರ್ತಿ ಇಲ್ಲ. ಆಮೇಲೆ ತಪಾಸಣೆ ಹೆಚ್ಚಿರುವುದು ನಿಜ, ನಡುವೆ ಕೋವಿಡ್ ಬಂದದ್ದೂ ನಿಜ. ಆದರೂ ಕಂಪ್ಯೂಟರಿನಲ್ಲಿ ನೌಕರರು ತುಂಬುವ ಲೆಕ್ಕಕ್ಕೂ ಮನೆಯಲ್ಲಿ ಕೂತ ಹೆಣ್ಣುಮಗಳು ಹೇಳುವ ಲೆಕ್ಕಕ್ಕೂ ನಡುವಿನ ಅಂತರ ಬಹಳ ದೊಡ್ಡದು.

ಬ್ರಿಟನ್‌ನೊಂದಿಗೆ ಹೋಲಿಸುವವರಿದ್ದಾರೆ. ಅಲ್ಲಿ 1988ರಿಂದ ಸರಕಾರವೇ ಮನೆಗೆ ಪತ್ರ ಬರೆದು ಮೂರು ವರ್ಷಕ್ಕೊಮ್ಮೆ ಮ್ಯಾಮೊಗ್ರಫಿಗೆ ಕರೆಯುತ್ತದೆ. ಸಾವಿರ ಮಂದಿಯಲ್ಲಿ ಎಂಟು-ಒಂಬತ್ತು ಜನರಿಗೆ ರೋಗ ಪತ್ತೆಯಾಗುತ್ತದೆ. ಈ ಹೋಲಿಕೆ ಪೂರ್ತಿ ಸರಿಯಲ್ಲ. ಅಲ್ಲಿ ಕರೆಯುವುದು 50 ದಾಟಿದವರನ್ನು, ನೋಡುವುದು ಯಂತ್ರದಿಂದ, ಮೇಲಾಗಿ ಆ ದೇಶದಲ್ಲಿ ಈ ರೋಗವೇ ನಮ್ಮಲ್ಲಿಗಿಂತ ಮೂರು ಪಟ್ಟಿಗೂ ಹೆಚ್ಚು. ಆದರೆ ಒಂದು ವಿಷಯ ಕಲಿಯಬಹುದು. ಕರೆದವರಲ್ಲಿ ನೂರಕ್ಕೆ 70 ಮಂದಿಯಾದರೂ ಬರಲೇಬೇಕು ಎಂಬ ಮಟ್ಟ ಅಲ್ಲಿದೆ. ಕೋವಿಡ್ ನಂತರ ಅದು 60ರ ಆಸುಪಾಸಿಗೆ ಇಳಿದಾಗ ದೊಡ್ಡ ಗದ್ದಲವೇ ಆಯಿತು. ನಮ್ಮಲ್ಲಿ ಎಷ್ಟು ಮಂದಿಯನ್ನು ಕರೆದರು, ಎಷ್ಟು ಮಂದಿ ಬಂದರು ಎಂದು ತಾಲೂಕುವಾರು ಕೇಳುವವರೇ ಇಲ್ಲ.

ಕೈಯಿಂದ ನೋಡಿದರೆ ಉಪಯೋಗ ಇದೆಯೇ?

ಹಳ್ಳಿಯಲ್ಲಿ ಯಂತ್ರ ಇಲ್ಲ, ಬರೇ ಕೈಯಿಂದ ನೋಡಿ ಏನಾಗುವುದಿದೆ ಎಂಬ ಮಾತು ಡಾಕ್ಟರರ ಬಾಯಲ್ಲೂ ಕೇಳಿಬರುತ್ತದೆ. ಇದಕ್ಕೆ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯೇ ಉತ್ತರ ಕೊಟ್ಟಿದೆ. 1998ರಲ್ಲಿ ಶುರುವಾದ ಅಧ್ಯಯನದಲ್ಲಿ ಮುಂಬೈಯ ಒಂದೂವರೆ ಲಕ್ಷ ಮಹಿಳೆಯರಿದ್ದರು. ಅವರಲ್ಲಿ ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ನಾಲ್ಕು ಸಲ ಪರೀಕ್ಷೆ ಮಾಡಿದರು. ಮಾಡಿದವರು ಡಾಕ್ಟರರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಪರೀಕ್ಷೆ ಇಲ್ಲದ ಗುಂಪಿನ ರೋಗಿಗಳಲ್ಲಿ ಮೂರು, ನಾಲ್ಕನೇ ಹಂತ ತಲುಪಿದ್ದವರು ಶೇ. 47. ಪರೀಕ್ಷೆ ಆದ ಗುಂಪಿನಲ್ಲಿ ಶೇ. 37. 50 ವರ್ಷ ದಾಟಿದವರಲ್ಲಿ ಸಾವು ಸುಮಾರು ಶೇ. 30ರಷ್ಟು ಇಳಿದಿತ್ತು. 50ಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಮಾತ್ರ ಅಂಥ ಲಾಭ ಕಾಣಲಿಲ್ಲ.

ಅಂದರೆ ಕೈ ಸಾಕು, ಆದರೆ ಅದು ಕಲಿತ ಕೈಯಾಗಿರಬೇಕು. ಎರಡೂ ಸ್ತನ, ಎರಡೂ ಬಗಲು ಬೆರಳುಗಳಿಂದ ಒತ್ತಿ ನೋಡಬೇಕು. ಅದಕ್ಕೆ ಒಂದು ಮರೆಯ ಕೋಣೆ ಬೇಕು, ಹೆಣ್ಣುಮಗಳೇ ನೋಡಬೇಕು, ಒಬ್ಬೊಬ್ಬರಿಗೂ ಒಂದಿಷ್ಟು ಪುರಸತ್ತು ಕೊಡಬೇಕು. ಒಂದೇ ದಿನಕ್ಕೆ ಇಡೀ ಊರಿನ ಹೆಸರು ಮುಗಿಸುವ ಶಿಬಿರದಲ್ಲಿ ಇದಾಗುವ ಮಾತಲ್ಲ.

‘ನಮ್ಮ ಹೆಣ್ಮಕ್ಕಳು ಬರೂದಿಲ್ಲ’ ನಿಜವೇ?

ಅಧಿಕಾರಿಗಳನ್ನು ಕೇಳಿದರೆ ಒಂದೇ ಉತ್ತರ: ಹಳ್ಳಿ ಹೆಂಗಸರು ನಾಚುತ್ತಾರೆ, ಬರುವುದಿಲ್ಲ. ಇದನ್ನು ಸುಳ್ಳು ಮಾಡಿದ ಕೆಲಸ ನಮ್ಮ ಪಕ್ಕದಲ್ಲೇ ಆಗಿದೆ. ಬಾರ್ಶಿಯ ನರ್ಗಿಸ್ ದತ್ ಕ್ಯಾನ್ಸರ್ ಆಸ್ಪತ್ರೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಆಗಿನ ಉಸ್ಮಾನಾಬಾದ, ಈಗಿನ ಧಾರಾಶಿವ ಜಿಲ್ಲೆಯ ಹಳ್ಳಿಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ಬಗ್ಗೆ ದೊಡ್ಡ ಅಧ್ಯಯನ ನಡೆಸಿದವು. 2009ರಲ್ಲಿ ಪ್ರಕಟವಾದ ಅದರಲ್ಲಿ 1 ಲಕ್ಷ 31 ಸಾವಿರ ಮಹಿಳೆಯರಿದ್ದರು. ಪರೀಕ್ಷೆಗೆ ಕರೆದವರಲ್ಲಿ ನೂರಕ್ಕೆ ಸುಮಾರು 80 ಮಂದಿ ಬಂದರು. ಸ್ತನ ಪರೀಕ್ಷೆಗಿಂತ ಹೆಚ್ಚು ಸಂಕೋಚದ ಪರೀಕ್ಷೆ ಅದು. ಆದರೂ ಬಂದರು. ಯಾಕೆಂದರೆ ಮನೆಗೆ ಹೋಗಿ ತಿಳಿಸಿ ಹೇಳಿ ಕರೆದಿದ್ದರು.

ಗಡಿಯ ಹಳ್ಳಿಗಳಲ್ಲಿ ‘ತಿಳಿಸಿ ಹೇಳುವುದು’ ಎಂದರೆ ಭಾಷೆಯ ಪ್ರಶ್ನೆಯೂ ಹೌದು. ಆಶಾ ಕಾರ್ಯಕರ್ತೆಯ ಫಾರ್ಮಿನಲ್ಲಿ ಸ್ತನದ ಬಗ್ಗೆ ಮೂರು ಸ್ಪಷ್ಟ ಪ್ರಶ್ನೆಗಳಿವೆ: ಗಂಟು ಇದೆಯೇ, ತೊಟ್ಟಿನಿಂದ ರಕ್ತ ಬೆರೆತ ದ್ರವ ಬರುತ್ತದೆಯೇ, ಆಕಾರ ಅಥವಾ ಗಾತ್ರ ಬದಲಾಗಿದೆಯೇ. ನಮ್ಮಲ್ಲಿ ಈ ಮೂರೂ ಸೇರಿ ‘ಛಾತೀತ ತ್ರಾಸ’ ಆಗಿಬಿಡುತ್ತವೆ. ಛಾತಿ ಅಂದರೂ ಎದಿ, ಎದಿ ಅಂದರೂ ಎದಿ. ನಮ್ಮ ಹೆಂಗಸರಿಗೆ ಎದಿ ತ್ರಾಸ ಅಂದರೆ ಹಾರ್ಟಿನ ತ್ರಾಸ. ಇಲ್ಲಾ ಅಂತಾರ, ಫಾರ್ಮ್ ಮುಗೀತದ. ಕೇಳಿದ ತಾಯಿಯದೂ ತಪ್ಪಲ್ಲ, ಬಾಯಿ ಬಿಟ್ಟು ಕೇಳಲಿಕ್ಕೆ ಅವರಿಗೂ ಸಂಕೋಚ. ಅಕ್ಕಲಕೋಟ, ಜತ್ತ, ದಕ್ಷಿಣ ಸೋಲಾಪುರದ ಕನ್ನಡ ಹಳ್ಳಿಗಳಿಗೆ ಈ ಮೂರು ಪ್ರಶ್ನೆಗಳನ್ನು ಆಡುಮಾತಿನ ಕನ್ನಡದಲ್ಲಿ ಒಂದು ಚೀಟಿ ಮಾಡಿ ಕೊಟ್ಟರೆ ಖರ್ಚು ಹೆಚ್ಚೇನಿಲ್ಲ.

ಪತ್ತೆಯ ಮುಂದಿನ ದಾರಿ

ಇನ್ನೊಂದು ಸಂಖ್ಯೆ ಮರೆಯಬಾರದು. ಪತ್ತೆಯಾದವರಿಗೂ ಚಿಕಿತ್ಸೆಗೆ ಸೇರಿದವರಿಗೂ ನಡುವೆ ಆರು ಸಾವಿರಕ್ಕೂ ಹೆಚ್ಚು ಮಹಿಳೆಯರ ವ್ಯತ್ಯಾಸವಿದೆ. ಯಾಕೆ ಎಂಬುದು ಗಡಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಕ್ಕಲಕೋಟದಿಂದ ಸೋಲಾಪುರ 40 ಕಿ.ಮೀ. ಸುಮಾರು. ಸೋನೋಗ್ರಫಿ, ಮ್ಯಾಮೊಗ್ರಫಿ, ಸೂಜಿ ಹಾಕಿ ಮಾಡುವ ಪರೀಕ್ಷೆ ಎಂದು ಮೂರು-ನಾಲ್ಕು ಸಲ ಓಡಾಟ. ಪ್ರತಿ ಸಲ ಒಂದು ದಿನದ ಕೂಲಿ ಹೋಗುತ್ತದೆ. ಜತ್ತದ ಪೂರ್ವ ಭಾಗದವರಿಗೆ ಸಾಂಗ್ಲಿಗಿಂತ ವಿಜಯಪುರವೇ ಹತ್ತಿರ. ಅಲ್ಲಿ ಹೋದರೆ ಯಾವ ಕಾರ್ಡು ನಡೆಯುತ್ತದೆ ಎಂಬ ಗೊಂದಲ ಬೇರೆ. ಆಯುಷ್ಮಾನ್ ಭಾರತ ಕಾರ್ಡು ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ರಾಜ್ಯ ದಾಟಿದರೂ ನಡೆಯುತ್ತದೆ. ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆಗೆ ಸೇರಿದ ಆಸ್ಪತ್ರೆ ಯಾವುದೆಂದು ಅದರ ಆರೋಗ್ಯಮಿತ್ರರನ್ನು ಮೊದಲೇ ಕೇಳಿಕೊಳ್ಳುವುದು ಲೇಸು.

ಗಂಟು ಎಂದ ಕೂಡಲೇ ಕ್ಯಾನ್ಸರ್ ಎಂದು ಹೆದರಬೇಕಿಲ್ಲ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂದು ಮನೆಯಲ್ಲಿ ಕೂತು ಹೇಳಲು ಬರುವುದಿಲ್ಲ. ನೋವಿಲ್ಲ ಎಂದು ಸುಮ್ಮನಿರುವುದಂತೂ ತಪ್ಪು, ಈ ಗಂಟು ಶುರುವಿಗೆ ಹೆಚ್ಚಾಗಿ ನೋಯುವುದೇ ಇಲ್ಲ.

ಸರಕಾರ ಇನ್ನು ಮುಂದೆ ‘ಎಷ್ಟು ಕೋಟಿ ತಪಾಸಣೆ’ ಎಂದಷ್ಟೇ ಹೇಳದೆ, ಪ್ರತಿ ತಾಲೂಕಿನಲ್ಲಿ ಎಷ್ಟು ಮಂದಿಯನ್ನು ಕೈ ಮುಟ್ಟಿ ನೋಡಿದರು, ಎಷ್ಟು ಮಂದಿಯನ್ನು ಮೇಲಿನ ಆಸ್ಪತ್ರೆಗೆ ಕಳಿಸಿದರು, ಅವರಲ್ಲಿ ಎಷ್ಟು ಮಂದಿ ತಲುಪಿದರು ಎಂದು ಹೇಳಬೇಕು. ಗ್ರಾಮಸಭೆಯಲ್ಲಿ ಇದನ್ನು ಕೇಳುವ ಹಕ್ಕು ನಮಗಿದೆ.

ಮುಂದಿನ ಸಲ ನಿಮ್ಮೂರಿನಲ್ಲಿ ಶಿಬಿರ ಆದಾಗ ಮನೆಯ ಹೆಣ್ಣುಮಕ್ಕಳನ್ನು ಕಳಿಸಿರಿ. ಹೋಗುವ ಮೊದಲು ಒಂದು ಮಾತು ಹೇಳಿ ಕಳಿಸಿರಿ: ‘ಫಾರ್ಮಿನ್ಯಾಗ ಗುರುತು ಹಾಕೂಕಿಂತ ಮೊದ್ಲ, ಬಾಗಿಲಾ ಹಾಕಿ ಕೈಯಿಂದ ನೋಡ್ರಿ ಅನ್ನು.’ ನಮ್ಮ ಅವ್ವಗೂ ಹಾಗೇ ಹೇಳಿ ಎರಡನೇ ಸಲ ಕಳಿಸಿದೆ. ಆ ನರ್ಸಬಾಯಿ ನಕ್ಕು, ಬಾಗಿಲು ಹಾಕಿಕೊಂಡು ಸಾವಕಾಶವಾಗಿ ನೋಡಿದರಂತೆ. ಏನೂ ಇರಲಿಲ್ಲ. ಈಗ ಅದು ತಪಾಸಣೆ ಆದಂತೆ.