ಮುಪ್ಪಿಗೆ ಒದಗುವ ಊರು

ಬೆಂಗಳೂರಿಗೆ 'ಪಿಂಚಣಿದಾರರ ಸ್ವರ್ಗ' ಎಂಬ ಬಿರುದು ಸಂದು ಬಹುಕಾಲವಾಯಿತು. ಯಾವ ಗುಣವನ್ನು ಕಂಡು ಈ ಬಿರುದನ್ನು ಕೊಟ್ಟರು, ಆ ಗುಣ ಇಂದಿಗೂ ಉಳಿದಿದೆಯೆ ಎಂದು ನಾವು ಕೇಳಿಕೊಳ್ಳುವುದು ಕಡಮೆ. ಈಗ ಹಿರಿಯರ ವಸತಿ ಸಮುಚ್ಚಯಗಳ ಜಾಹೀರಾತುಗಳು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣಿಸುತ್ತಿರುವುದರಿಂದ, ಆ ಪ್ರಶ್ನೆಯನ್ನು ಕೇಳಲೇಬೇಕಾದ ಕಾಲ ಬಂದಿದೆ. ನನ್ನಂತೆ ನಲವತ್ತನ್ನು ದಾಟಿದವರ ಮನೆಗಳಲ್ಲಿ ಇದು ಬರಿಯ ಚರ್ಚೆಯ ವಿಷಯವಾಗಿ ಉಳಿದಿಲ್ಲ. ಊರಿನ ಮನೆಯಲ್ಲಿ ಒಂಟಿಯಾಗಿರುವ ತಾಯಿಯನ್ನು ಎಲ್ಲಿಗೆ ಕರೆತರಬೇಕು, ಮುಂದೆ ನಾವೇ ಎಲ್ಲಿ ನೆಲೆಸಬೇಕು ಎಂಬುದು ನಮ್ಮ ಅಧ್ಯಾಪಕರ ಕೊಠಡಿಯ ನಿತ್ಯದ ಮಾತಾಗಿದೆ. ಒಂದು ಊರು ಮುಪ್ಪಿಗೆ ತಕ್ಕುದೇ ಎಂದು ಅಳೆಯುವ ಕೋಲು ಯಾವುದು? ಬೆಂಗಳೂರಿನ ದಂಡು ಪ್ರದೇಶವನ್ನೂ ಅದರ ಪೂರ್ವದ ಬಡಾವಣೆಗಳನ್ನೂ ಮುಂದಿಟ್ಟುಕೊಂಡು ಇದನ್ನು ವಿಚಾರಿಸಬಹುದು.

1809ರಲ್ಲಿ ಹಲಸೂರಿನ ಆಸುಪಾಸಿನಲ್ಲಿ ಬ್ರಿಟಿಷರ ದಂಡು ನೆಲೆಯೂರಿತು. ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದ ಈ ನೆಲದ ಹವೆಗೆ ಮನಸೋತು, ಸೇವೆಯಿಂದ ನಿವೃತ್ತರಾದ ಎಷ್ಟೋ ಮಂದಿ ಇಲ್ಲಿಯೇ ಉಳಿದರು. ತಂಪಾದ ಗಾಳಿ, ತೋಟದ ನಡುವಣ ಬಂಗಲೆ, ಸಂಜೆಯ ವಾಯುಸೇವನೆ, ಇವೇ ಆ ಸ್ವರ್ಗದ ಲಕ್ಷಣಗಳೆಂದು ನಾವು ನಂಬಿದ್ದೇವೆ. ಆದರೆ ಅದನ್ನು ಹೊತ್ತು ನಿಂತಿದ್ದವರು ಬಟ್ಲರನೂ ಅಡುಗೆಯವನೂ ಆಯಾಳೂ ಎಂಬುದನ್ನು ಮರೆಯಬಾರದು. ಪಿಂಚಣಿಯಷ್ಟೇ ಅಲ್ಲ, ಅಗ್ಗದ ದುಡಿಮೆಯೂ ಸೇರಿ ಆ ಸ್ವರ್ಗವಾಗಿತ್ತು. ಪಿಂಚಣಿಯಿಲ್ಲದ ಮುದುಕರ ಪಾಡು ಬೇರೆ. ಅಂಥವರಿಗಾಗಿ 'ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್' ಪಂಗಡದ ಸನ್ಯಾಸಿನಿಯರು 1900ರಲ್ಲಿ ಇಲ್ಲಿ ಆಶ್ರಮವನ್ನು ತೆರೆದರು. ಹೊಸೂರು ರಸ್ತೆಯಲ್ಲಿರುವ ಆ ಮನೆಗೆ ಬಂದ ನಿರ್ಗತಿಕ ವೃದ್ಧರನ್ನು ಕೊನೆಯವರೆಗೂ ನೋಡಿಕೊಳ್ಳುವುದು ಆ ಪಂಗಡದ ವ್ರತ. ಇಂದು ದೊಡ್ಡ ಬೆಲೆಗೆ ಮಾರಾಟಕ್ಕಿರುವ 'ಕೊನೆಯವರೆಗಿನ ಆರೈಕೆ' ದಂಡಿನಲ್ಲಿ ಬಡವರಿಗೆ ದಾನವಾಗಿ ಮೊದಲೇ ದೊರೆತಿತ್ತು ಎಂಬುದು ಗಮನಿಸತಕ್ಕ ಸಂಗತಿ.

ಈ 'ಮುಂದುವರಿಯುವ ಆರೈಕೆ' ಎಂದರೇನು? ಅಮೆರಿಕದಲ್ಲಿ ಈ ಬಗೆಯ ವಸತಿಗಳು ಬಹುಕಾಲದಿಂದ ಇವೆ. ಆರೋಗ್ಯವಾಗಿರುವಾಗಲೇ ಪ್ರವೇಶಧನವನ್ನು ಕೊಟ್ಟು ಸೇರುತ್ತಾರೆ. ಮೇಲೆ ತಿಂಗಳ ಶುಲ್ಕವಿರುತ್ತದೆ. ಶಕ್ತಿ ಕುಂದಿದಂತೆ ಅದೇ ಆವರಣದಲ್ಲಿ ಹೆಚ್ಚಿನ ನೆರವಿನ ಮನೆಗೆ, ಅಲ್ಲಿಂದ ಶುಶ್ರೂಷೆಯ ವಿಭಾಗಕ್ಕೆ ಹೋಗುತ್ತಾರೆ. ಎಂದರೆ ಅವರು ಕೊಳ್ಳುವುದು ಮುಖ್ಯವಾಗಿ ಒಂದು ವಚನವನ್ನು. ಮನೆ ಅದರ ಒಂದು ಭಾಗ ಮಾತ್ರ. ಮುಪ್ಪಿಗೆ ನಾಲ್ಕು ಮೆಟ್ಟಿಲುಗಳಿವೆ ಎನ್ನಬಹುದು: ಸ್ವಂತ ಕಾಲಿನ ಮೇಲೆ ಓಡಾಡುವ ಕಾಲ, ಸ್ನಾನಕ್ಕೂ ಔಷಧಿಗೂ ಇನ್ನೊಬ್ಬರ ಕೈ ಬೇಕಾಗುವ ಕಾಲ, ಹಾಸಿಗೆ ಹಿಡಿದ ಅಥವಾ ಮರೆವು ಕವಿದ ಕಾಲ, ಕೊನೆಯ ಕಾಲ. ಜಾಹೀರಾತುಗಳು ತೋರಿಸುವುದು ಮೊದಲನೆಯ ಮೆಟ್ಟಿಲನ್ನು. ಊರನ್ನು ಅಳೆಯಬೇಕಾದುದು ನಾಲ್ಕನ್ನೂ ಕೂಡಿಸಿ.

ಮೊದಲನೆಯದಕ್ಕೆ ಪೂರ್ವ ಬೆಂಗಳೂರಿನಲ್ಲಿ ಅನುಕೂಲಗಳಿಲ್ಲವೆನ್ನಲಾಗದು. ಹಲಸೂರಿನಲ್ಲಿ ಸೋಮೇಶ್ವರನ ಗುಡಿಯೂ ಕೆರೆಯೂ ಇವೆ. ಶಿವಾಜಿನಗರದಲ್ಲಿ ಮಾರುಕಟ್ಟೆಯೂ 1868ರಲ್ಲಿ ತೆರೆದ ಬೌರಿಂಗ್ ಆಸ್ಪತ್ರೆಯೂ ಒಂದೇ ನಡಿಗೆಯ ಅಳತೆಯಲ್ಲಿವೆ. ಮೆಟ್ರೊ ರೈಲು 2011ರಲ್ಲಿ ಬೈಯಪ್ಪನಹಳ್ಳಿಯಿಂದ ಇಂದಿರಾನಗರ, ಹಲಸೂರುಗಳ ಮೂಲಕ ಮಹಾತ್ಮಾ ಗಾಂಧಿ ರಸ್ತೆಗೆ ಬಂದಿತು. 2023ರಲ್ಲಿ ಕೃಷ್ಣರಾಜಪುರವನ್ನೂ ವೈಟ್‌ಫೀಲ್ಡನ್ನೂ ಅದರೊಡನೆ ಕೂಡಿಸಿದರು. ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಆದರೆ ನಿಲ್ದಾಣದವರೆಗೆ ಹೋಗುವುದು ಹೇಗೆ? ಪಾದಚಾರಿ ಮಾರ್ಗದ ಎದ್ದ ಕಲ್ಲು, ಅದರ ಮೇಲೆ ನಿಲ್ಲಿಸಿದ ಸ್ಕೂಟರು, ಬಾಯ್ತೆರೆದ ಚರಂಡಿ, ಇವನ್ನು ದಾಟಬೇಕು. ಊರುಗೋಲು ಹಿಡಿದವರಿಗೆ ಕೋಟ್ಯಂತರ ರೂಪಾಯಿಯ ರೈಲಿಗಿಂತ ನೂರು ಗಜದ ಸಮನಾದ ಕಾಲುದಾರಿ ಹೆಚ್ಚಿನದು. ಸೇನೆಯಿಂದಲೂ ಸರ್ಕಾರಿ ಉದ್ಯಮಗಳಿಂದಲೂ ನಿವೃತ್ತರಾದವರು ಶಾಂತಿಯನ್ನರಸಿ ಮನೆ ಕಟ್ಟಿಕೊಂಡ ಇಂದಿರಾನಗರದ ನೂರಡಿ ರಸ್ತೆ ಈಗ ಉಪಾಹಾರಗೃಹಗಳಿಗೂ ಪಬ್ಬುಗಳಿಗೂ ಹೆಸರಾಗಿದೆ. ಊರು ಯೌವನದ ಕಡೆಗೆ ಮುಖಮಾಡಿ ನಿಂತಾಗ ಮನೆಯ ಬೆಲೆ ಏರುತ್ತದೆ. ಮನೆಯೊಳಗಿನ ಮುದುಕರ ನಿದ್ದೆ ಕೆಡುತ್ತದೆ.

ಕೊನೆಯ ಎರಡು ಮೆಟ್ಟಿಲುಗಳಿಗೂ ಈ ಭಾಗದಲ್ಲಿ ಗೌರವಾನ್ವಿತವಾದ ಪ್ರಯತ್ನಗಳು ನಡೆದಿವೆ. ನೈಟಿಂಗೇಲ್ಸ್ ಸಂಸ್ಥೆ ಮರೆವಿನ ಕಾಯಿಲೆಯವರಿಗಾಗಿ ಕಸ್ತೂರಿನಗರದಲ್ಲಿ 2010ರಲ್ಲಿ ಆರೈಕೆಯ ಕೇಂದ್ರವನ್ನು ತೆರೆಯಿತು. ಮಾರತ್ತಹಳ್ಳಿಯ ಬಳಿಯ ಕರುಣಾಶ್ರಯವು, ಕ್ಯಾನ್ಸರ್ ಚಿಕಿತ್ಸೆಯ ಕೈಮೀರಿದವರ ನೋವನ್ನು ತಗ್ಗಿಸುವ ಕೆಲಸವನ್ನು 1999ರಿಂದ ಹಣ ತೆಗೆದುಕೊಳ್ಳದೆ ಮಾಡುತ್ತಿದೆ. ಇಂಥ ಮನೆಗಳು ನಗರಕ್ಕೆ ಹೆಮ್ಮೆ. ಆದರೆ ಅವು ಬೆರಳೆಣಿಕೆಯಷ್ಟು.

ನಿಜವಾದ ಕೊರತೆ ಇರುವುದು ಎರಡನೆಯ ಮೆಟ್ಟಿಲಲ್ಲಿ. ಅದು ಉದ್ದವಾದ ಮೆಟ್ಟಿಲು. ಹತ್ತು ವರ್ಷಗಳಾದರೂ ಅದರ ಮೇಲೆ ನಿಲ್ಲಬೇಕಾಗಬಹುದು. ಆಸ್ಪತ್ರೆಗೆ ಸೇರಿಸುವಂಥ ರೋಗವಿಲ್ಲ, ಒಬ್ಬರೇ ಇರುವ ಶಕ್ತಿಯೂ ಇಲ್ಲ. 1940ರಲ್ಲಿ ಸ್ಥಾಪನೆಯಾದ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿನಗರದಲ್ಲಿ ಆರಂಭವಾದ ಐಟಿಐ ಕಾರ್ಖಾನೆ, ಇವುಗಳಲ್ಲಿ ದುಡಿದು ಹಲಸೂರಿನಿಂದ ಕೃಷ್ಣರಾಜಪುರದವರೆಗೆ ಮನೆ ಕಟ್ಟಿಕೊಂಡ ಪೀಳಿಗೆ ಇಂದು ಈ ಮೆಟ್ಟಿಲಲ್ಲಿದೆ. ಅವರಲ್ಲಿ ಎಷ್ಟೋ ಮಂದಿಯ ಮಕ್ಕಳು ಹೊರದೇಶದಲ್ಲಿದ್ದಾರೆ. ಹತ್ತಿರವಿದ್ದವರು ಬೆಳಗ್ಗೆ ಹೊರಟರೆ ರಾತ್ರಿ ಬರುತ್ತಾರೆ. ಆಗ ಆರೈಕೆಯ ಹೊರೆ ಬೀಳುವುದು ಸೊಸೆಯ ಮೇಲೆ, ಮಗಳ ಮೇಲೆ, ಅಥವಾ ಏಜೆನ್ಸಿಯ ಮೂಲಕ ಬಂದ ಹೆಣ್ಣುಮಗಳೊಬ್ಬಳ ಮೇಲೆ. ಆಕೆಯೂ ದೂರದ ಜಿಲ್ಲೆಯಲ್ಲೋ ಪರರಾಜ್ಯದಲ್ಲೋ ತನ್ನ ತಾಯಿಯನ್ನು ಬಿಟ್ಟು ಬಂದವಳು. ಆಕೆಗೆ ತರಬೇತಿ ಎಷ್ಟು, ಸಂಬಳ ಎಷ್ಟು, ವಾರದ ರಜೆ ಉಂಟೆ ಎಂದು ವಿಚಾರಿಸುವವರು ವಿರಳ. ಹಳೆಯ ದಂಡಿನ ಆಯಾ ಹೆಸರು ಬದಲಿಸಿಕೊಂಡು ಮರಳಿ ಬಂದಿದ್ದಾಳೆ, ಅಷ್ಟೆ.

ಕನ್ನಡದ ಅಧ್ಯಾಪಕನಾಗಿ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ದಂಡು ಪ್ರದೇಶದಲ್ಲಿ ತಮಿಳು, ಉರ್ದು, ತೆಲುಗು, ಇಂಗ್ಲಿಷು, ಕನ್ನಡಗಳು ಒಂದೇ ಬೀದಿಯಲ್ಲಿ ಬದುಕುತ್ತವೆ. ನೆನಪು ಮಾಸತೊಡಗಿದಾಗ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ತಾಯ್ನುಡಿ ಕೊನೆಗೆ ಉಳಿಯುವುದನ್ನು ಅನೇಕರು ಕಂಡಿದ್ದಾರೆ. ಜೀವಮಾನವೆಲ್ಲ ಕಚೇರಿಯಲ್ಲಿ ಇಂಗ್ಲಿಷಿನಲ್ಲಿ ವ್ಯವಹರಿಸಿದವರು 'ನೀರು' ಎಂದು ಕೇಳಿದಾಗ ಆ ಮಾತು ತಿಳಿಯದವರು ಎದುರಿಗಿದ್ದರೆ, ಹೊಳೆಯುವ ನೆಲಹಾಸಿನಿಂದ ಏನು ಪ್ರಯೋಜನ? ತಮಿಳಿನ ಮುದುಕಿಗೂ ಉರ್ದುವಿನ ಮುದುಕನಿಗೂ ಈ ಮಾತು ಅಷ್ಟೇ ಸಲ್ಲುತ್ತದೆ. ವಸತಿಯನ್ನು ನೋಡಲು ಹೋದವರು ಊಟದ ಪಟ್ಟಿಯ ಜೊತೆಗೆ ಆರೈಕೆಯವರ ಭಾಷೆಯನ್ನೂ ವಿಚಾರಿಸಬೇಕು.

ಕಾನೂನು ಇಲ್ಲವೆ ಎಂದು ಓದುಗರು ಕೇಳಬಹುದು. ಉಂಟು. 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆಯ ಅಧಿನಿಯಮವು ಮಕ್ಕಳಿಂದ ಜೀವನಾಂಶವನ್ನು ಕೊಡಿಸುತ್ತದೆ; ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ತಪ್ಪಿದರೆ ಮರಳಿ ಪಡೆಯುವ ದಾರಿಯನ್ನೂ ತೋರಿಸುತ್ತದೆ. ಆ ಅಧಿನಿಯಮ ಹಾಕಿದ ಮಿತಿ ತಿಂಗಳಿಗೆ 10,000 ರೂಪಾಯಿ. ಹಗಲಿರುಳು ಒಬ್ಬರನ್ನು ನೇಮಿಸಿಕೊಂಡವರಿಗೆ ಅದು ಎಷ್ಟು ದಿನಕ್ಕೆ ಸಾಕಾಗುವುದೆಂದು ಬೇರೆ ಹೇಳಬೇಕಾಗಿಲ್ಲ. ನಿವೃತ್ತರ ವಸತಿಗಳ ಬಗೆಗೆ ಕೇಂದ್ರ ಸರ್ಕಾರ 2019ರಲ್ಲಿ ಮಾದರಿ ಮಾರ್ಗಸೂಚಿಯನ್ನು ಹೊರಡಿಸಿ, ಕಟ್ಟುವವರು, ಸೇವೆ ಕೊಡುವವರು, ಕೊಳ್ಳುವವರು ಮೂವರೂ ಸಹಿ ಹಾಕುವ ಕರಾರನ್ನು ಸೂಚಿಸಿತು. ಆದರೆ ಸೂಚನೆ ಸೂಚನೆಯೇ. ರಾಜ್ಯಗಳು ಅಳವಡಿಸಿಕೊಂಡಾಗಲೇ ಅದಕ್ಕೆ ಬಲ. ಆದುದರಿಂದ ಸಹಿಗೆ ಮುಂಚೆ ನಾವೇ ಕೇಳಬೇಕಾದ ಪ್ರಶ್ನೆಗಳಿವೆ. ನಡೆಯಲಾರದಾದಾಗ ಇಲ್ಲಿ ಇಟ್ಟುಕೊಳ್ಳುವಿರೋ, ಮನೆಯವರು ಕರೆದೊಯ್ಯಲಿ ಎನ್ನುವಿರೋ? ಶುಲ್ಕ ಎಷ್ಟರ ಮಟ್ಟಿಗೆ ಏರಬಹುದು? ಸೇವೆಯ ಸಂಸ್ಥೆ ಬಾಗಿಲು ಮುಚ್ಚಿದರೆ ಹೊಣೆ ಯಾರದು? ಉತ್ತರ ಬಾಯಿಮಾತಿನಲ್ಲಿದ್ದರೆ ಸಾಲದು, ಕಾಗದದ ಮೇಲಿರಬೇಕು.

ಮಕ್ಕಳಿದ್ದೂ ಇಂಥ ಮನೆಗೆ ಕಳುಹಿಸುವುದು ಅನಾದರವಲ್ಲವೆ ಎಂಬ ಆಕ್ಷೇಪಣೆ ಹಳೆಯದು. ಅದರ ಹಿಂದಿನ ಭಾವನೆ ಗೌರವಕ್ಕೆ ಪಾತ್ರವಾದುದೇ. ಆದರೂ ಬಾಗಿಲಿಗೆ ಬೀಗ ಹಾಕಿ ತಾಯಿಯನ್ನು ಹಗಲೆಲ್ಲ ಒಂಟಿಯಾಗಿರಿಸುವುದು ಆದರವೆನಿಸುವುದೆ? 2011ರ ಜನಗಣತಿಯಂತೆ ಕರ್ನಾಟಕದಲ್ಲಿ ನೂರಕ್ಕೆ 9.5 ಮಂದಿ ಅರವತ್ತು ದಾಟಿದವರು; ದೇಶದಲ್ಲಿ 8.6. ಇಷ್ಟು ಜನರ ಆರೈಕೆಯನ್ನು ಮನೆಯೊಂದೇ ಹೊರಲಾರದು, ಮಾರುಕಟ್ಟೆಯೊಂದೇ ಕೊಡಲಾರದು. ದೊಡ್ಡ ಸಮುಚ್ಚಯದ ಬೆಲೆ ತೆರಬಲ್ಲವರು ಕೆಲವರು ಮಾತ್ರ. ಉಳಿದವರಿಗೆ ವಾರ್ಡಿಗೊಂದು ಹಗಲು ಆರೈಕೆಯ ಮನೆ, ಮನೆಗೆ ಬರುವ ತರಬೇತಾದ ದಾದಿ, ಆಕೆಗೆ ನ್ಯಾಯವಾದ ಸಂಬಳ, ಮುಗ್ಗರಿಸದೆ ನಡೆಯಬಲ್ಲ ಬೀದಿ ಇಷ್ಟಾದರೆ ಇಂದಿರುವ ಬಡಾವಣೆಯೇ ಮುಂದುವರಿಯುವ ಆರೈಕೆಯ ನೆಲೆಯಾದೀತು. ಪೂರ್ವ ಬೆಂಗಳೂರಿನಲ್ಲಿ ಗುಡಿಯಿದೆ, ಆಸ್ಪತ್ರೆಯಿದೆ, ರೈಲಿದೆ, ಸಾವಿನ ಹೊತ್ತಿಗೆ ಕೈಹಿಡಿಯುವವರೂ ಇದ್ದಾರೆ. ನಡುವಿನ ಮೆಟ್ಟಿಲನ್ನು ಕಟ್ಟುವ ಕೆಲಸ ಉಳಿದಿದೆ. ನಾವು ಅದನ್ನು ಹಿರಿಯರಿಗಾಗಿ ಕಟ್ಟುತ್ತಿದ್ದೇವೆಂದು ಭಾವಿಸಿದರೂ, ಅದು ಮುಗಿಯುವ ವೇಳೆಗೆ ಅದರ ಮೇಲೆ ಕಾಲಿಡುವವರು ನಾವೇ.