ಹಿಂದೆ ನಿಂತವನ ವೇಳೆ

ಮನೆಯನ್ನು ಬೆನ್ನ ಮೇಲೆ ಹೊತ್ತು ಸಾಗುವ ಬಸವನಹುಳುವನ್ನು ಮಳೆಗಾಲದಲ್ಲಿ ಕಾಣದವರಿಲ್ಲ. ಅಮೆರಿಕದ ಹೆದ್ದಾರಿಗಳಲ್ಲಿ ಮನುಷ್ಯರೂ ಹಾಗೆಯೇ ಮನೆಯನ್ನು ಜೊತೆಗೊಯ್ಯುತ್ತಾರೆ. ಅಡುಗೆಯ ಒಲೆ, ಮಂಚ, ಸ್ನಾನದ ಕೋಣೆಗಳುಳ್ಳ ಆ ಪ್ರವಾಸವಾಹನಕ್ಕೆ ಅಲ್ಲಿ ‘ಆರ್.ವಿ.’ ಎಂದು ಹೆಸರು. ಅವುಗಳಲ್ಲಿ ದೊಡ್ಡವು 40ರಿಂದ 45 ಅಡಿ ಉದ್ದವಿರುತ್ತವೆ. ನಮ್ಮ ಅನೇಕ ಮನೆಗಳ ಮಕ್ಕಳು ಆ ದೇಶದಲ್ಲಿ ನೆಲೆಸಿದ್ದು, ಊರಿನಿಂದ ಬಂದ ತಂದೆತಾಯಿಗಳನ್ನು ಇಂತಹ ಗಾಡಿಯಲ್ಲಿ ಸುತ್ತಿಸಲು ಬಯಸುವುದು ಸಹಜ. ಆದ್ದರಿಂದ ಅದಕ್ಕೆ ಇಂಧನ ತುಂಬಿಸುವ ಕ್ರಮವನ್ನು ಈ ಸಲ ವಿಚಾರಿಸೋಣ. ಚಿಕ್ಕ ಸಂಗತಿಯೆಂದು ತೋರಿದರೂ ಅದರೊಳಗೆ ಪರರ ಅನ್ನದ ಪ್ರಶ್ನೆಯೂ ಅಡಗಿದೆ.

ಕಾರುಗಳ ಬಂಕಿನಲ್ಲಿ ಈ ಗಾಡಿಗೆ ತಿರುಗಲು ಎಡೆಯಿರುವುದಿಲ್ಲ. ಹಿಂದಿನ ಗಾಲಿಗಳಾಚೆಗೆ ಚಾಚಿಕೊಂಡ ದೇಹವು, ಚಾಲಕನು ಬಲಕ್ಕೆ ತಿರುಗಿಸಿದರೆ ಎಡಕ್ಕೆ ಬೀಸಿ ಪಂಪಿನ ಕಾವಲುಗಂಬವನ್ನು ತಾಕೀತು. ಹೀಗಾಗಿ ಡೀಸೆಲ್ ಗಾಡಿಯವರು ಲಾರಿಗಳ ತಂಗುದಾಣವಾದ ‘ಟ್ರಕ್ ಸ್ಟಾಪ್’ಗಳನ್ನು ಅರಸುತ್ತಾರೆ. ಐಯೋವಾ ರಾಜ್ಯದ ವಾಲ್ಕಾಟ್‌ನಲ್ಲಿ 1964ರಲ್ಲಿ ಆರಂಭವಾದ ‘ಐಯೋವಾ 80’ ಇಂತಹವುಗಳಲ್ಲಿ ಅತಿ ದೊಡ್ಡದೆಂದು ಪ್ರಸಿದ್ಧವಾಗಿದೆ. 100 ಗ್ಯಾಲನ್, ಎಂದರೆ ಸುಮಾರು 380 ಲೀಟರ್ ಹಿಡಿಯುವ ತೊಟ್ಟಿಯನ್ನು ಕಾರಿನ ಪಂಪಿನಿಂದ ತುಂಬಿಸಲು ಬಹಳ ಹೊತ್ತು ಬೇಕು. ಲಾರಿಯ ಪಂಪು ಅದಕ್ಕಿಂತ ಹಲವು ಪಟ್ಟು ವೇಗವಾಗಿ ಸುರಿಸುತ್ತದೆ.

ಇಲ್ಲಿ ಕೆಲವು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ಬಾಡಿಗೆಗೆ ಪಡೆದ ಗಾಡಿಯು ಪೆಟ್ರೋಲಿನದೋ ಡೀಸೆಲಿನದೋ ಎಂಬುದನ್ನು ಹೊರಡುವ ಮುನ್ನವೇ ತಿಳಿದಿರಬೇಕು. ಲಾರಿಯ ಸಾಲುಗಳಲ್ಲಿ ಡೀಸೆಲ್ ಮಾತ್ರ ದೊರೆಯುವುದು ರೂಢಿ. ಪಂಪಿನ ಹಿಡಿಯ ಬಣ್ಣವನ್ನು ನಂಬಲಾಗದು; ಹಸಿರು ಬಣ್ಣ ಒಂದು ಕಡೆ ಡೀಸೆಲನ್ನು ಸೂಚಿಸಿದರೆ ಇನ್ನೊಂದು ಕಡೆ ಪೆಟ್ರೋಲನ್ನು ಸೂಚಿಸೀತು. ಬರಹವನ್ನೇ ಓದಬೇಕು. ಎರಡನೆಯದಾಗಿ, ಹೊಸ ಡೀಸೆಲ್ ಗಾಡಿಗಳಿಗೆ ಹೊಗೆಯ ವಿಷವನ್ನು ತಗ್ಗಿಸಲು ‘ಡಿ.ಇ.ಎಫ್.’ ಎಂಬ ದ್ರವವೂ ಬೇಕು. ಇದರಲ್ಲಿ ಶೇಕಡಾ 32.5 ಯೂರಿಯಾ, ಉಳಿದುದು ಶುದ್ಧೀಕರಿಸಿದ ನೀರು. ಇದರ ಬಾಯಿ ಬೇರೆಯೇ ಇದ್ದು, ಮುಚ್ಚಳ ಸಾಮಾನ್ಯವಾಗಿ ನೀಲಿಯಾಗಿರುತ್ತದೆ. ಕೈತಪ್ಪಿ ಡೀಸೆಲ್ ತೊಟ್ಟಿಗೆ ಸುರಿದರೆ ಇಂಧನ ವ್ಯವಸ್ಥೆಯೇ ಕೆಟ್ಟು ಭಾರಿ ನಷ್ಟವಾದೀತು. ಮೂರನೆಯದಾಗಿ, ಕೆಂಪು ಬಣ್ಣ ಬೆರೆಸಿದ ಡೀಸೆಲ್ ಅಗ್ಗವೆಂದು ಆಸೆಪಡಬಾರದು. ಅದು ರಸ್ತೆಯ ತೆರಿಗೆಯಿಲ್ಲದ, ಶೀತಲಯಂತ್ರ ಮೊದಲಾದವುಗಳಿಗೆ ಮೀಸಲಾದ ಇಂಧನ. ಅರಿತೂ ಅದನ್ನು ರಸ್ತೆಯ ಗಾಡಿಗೆ ಬಳಸಿದವರಿಗೆ 1,000 ಡಾಲರ್ ಅಥವಾ ಗ್ಯಾಲನ್ನಿಗೆ 10 ಡಾಲರ್, ಯಾವುದು ಹೆಚ್ಚೋ ಅಷ್ಟು ದಂಡವನ್ನು ಅಲ್ಲಿನ ಕಾನೂನು ವಿಧಿಸುತ್ತದೆ. ಕೊನೆಯದಾಗಿ, ಅನಿಲದಿಂದ ನಡೆಯುವ ತಂಪುಪೆಟ್ಟಿಗೆಯೊಳಗೆ ಸಣ್ಣ ಜ್ವಾಲೆ ಉರಿಯುತ್ತಿರಬಹುದು. ಬಂಕನ್ನು ಪ್ರವೇಶಿಸುವ ಮುನ್ನವೇ ಒಲೆಯನ್ನೂ ಅದನ್ನೂ ಆರಿಸಿ ಅನಿಲವನ್ನು ನಿಲ್ಲಿಸುವುದು ಗೃಹಿಣಿಯ ಹೊಣೆಯೆಂದಲ್ಲ, ಎಲ್ಲರ ಹೊಣೆ.

ಇವೆಲ್ಲ ನಮ್ಮ ಕ್ಷೇಮದ ಮಾತಾಯಿತು. ಇನ್ನು ಪರರ ಕ್ಷೇಮ. ಆ ದೇಶದ ಲಾರಿ ಚಾಲಕನು ಕೆಲಸ ಆರಂಭಿಸಿದ 14 ಗಂಟೆಗಳ ಅವಧಿಯೊಳಗೆ ಹೆಚ್ಚೆಂದರೆ 11 ಗಂಟೆ ಮಾತ್ರ ಗಾಡಿ ನಡೆಸಬಹುದೆಂದು ನಿಯಮವಿದೆ. ಪಂಪಿನೆದುರು ಸರದಿಯಲ್ಲಿ ಕಾದು ನಿಂತಾಗಲೂ ಆ 14 ಗಂಟೆಗಳು ಕರಗುತ್ತಲೇ ಇರುತ್ತವೆ. ಅನೇಕರಿಗೆ ಸಂಬಳ ದೊರೆಯುವುದು ಓಡಿಸಿದ ಮೈಲಿಗಳ ಲೆಕ್ಕದಲ್ಲಿ. ವಿಹಾರಕ್ಕೆ ಹೊರಟ ಕುಟುಂಬವು ಇಂಧನ ತುಂಬಿದ ಮೇಲೂ ಪಂಪಿನೆದುರೇ ಗಾಡಿ ನಿಲ್ಲಿಸಿ, ಗಾಜು ಒರೆಸಿ, ತಿಂಡಿ ಕೊಳ್ಳಲು ಒಳಹೋದರೆ ಹಿಂದಿನವನ ಕೂಲಿಯೇ ಕಡಿಮೆಯಾಗುತ್ತದೆ. ತುಂಬಿದ ಕೂಡಲೇ ಮುಂದಿನ ಗೆರೆಯವರೆಗೆ ಗಾಡಿಯನ್ನು ಸರಿಸಿ, ಹಿಂದಿನವನಿಗೆ ಪಂಪನ್ನು ಬಿಟ್ಟುಕೊಟ್ಟು, ಆನಂತರ ರಸೀತಿಗೆ ಹೋಗುವುದು ಅಲ್ಲಿನ ಮರ್ಯಾದೆ.

ರಾತ್ರಿ ತಂಗುವ ವಿಷಯದಲ್ಲಂತೂ ಇದು ಇನ್ನೂ ಗಂಭೀರ. 2009ರ ಮಾರ್ಚಿನಲ್ಲಿ ದಕ್ಷಿಣ ಕ್ಯಾರೊಲಿನಾದಲ್ಲಿ ಜೇಸನ್ ರಿವೆನ್‌ಬರ್ಗ್ ಎಂಬ ಲಾರಿ ಚಾಲಕನು, ಸರಕು ಇಳಿಸುವ ಹೊತ್ತಿಗೆ ಮುಂಚಿತವಾಗಿಯೇ ಬಂದು, ನಿಲ್ಲಲು ಸುರಕ್ಷಿತ ಜಾಗವಿಲ್ಲದೆ ಪಾಳುಬಿದ್ದ ಬಂಕೊಂದರಲ್ಲಿ ವಿಶ್ರಮಿಸಿದನು. ಅಲ್ಲಿ ದರೋಡೆಕೋರನು ಅವನನ್ನು ಕೊಂದು ದೋಚಿದ್ದು ಕೇವಲ 7 ಡಾಲರ್. ಅವನ ಮಡದಿ ಆಗ ತುಂಬುಗರ್ಭಿಣಿ. ಲಾರಿಗಳ ತಂಗುದಾಣಗಳನ್ನು ಹೆಚ್ಚಿಸಲು 2012ರಲ್ಲಿ ಆದ ಶಾಸನವನ್ನು ಅವನ ಹೆಸರಿನಿಂದಲೇ ‘ಜೇಸನ್ಸ್ ಲಾ’ ಎಂದು ಕರೆಯುತ್ತಾರೆ. ಲಾರಿಗೆ ಮೀಸಲಾದ ಎಡೆಯಲ್ಲಿ ವಿಹಾರದ ಗಾಡಿಯನ್ನು ನಿಲ್ಲಿಸಿದರೆ, ದುಡಿದು ದಣಿದವನೊಬ್ಬನನ್ನು ಕತ್ತಲೆಯ ದಾರಿಗೆ ನೂಕಿದಂತಾದೀತು. ಆರ್.ವಿ.ಗಳಿಗೆಂದೇ ಬೇರೆ ಶಿಬಿರತಾಣಗಳಿವೆ. ಮುಂಚಿತವಾಗಿ ಕಾದಿರಿಸಿದರೆ ಈ ತೊಡಕೇ ಇರದು.

ನಮ್ಮ ಮಕ್ಕಳು ದೂರದೇಶದಲ್ಲಿ ಸುಖವಾಗಿ ಸಂಚರಿಸಲಿ ಎಂಬುದೇ ನಮ್ಮೆಲ್ಲರ ಹಾರೈಕೆ. ಅವರೊಡನೆ ಫೋನಿನಲ್ಲಿ ಮಾತನಾಡುವಾಗ ಊಟ, ಆರೋಗ್ಯಗಳನ್ನು ವಿಚಾರಿಸುವ ನಾವು, ಪಂಪಿನ ಮುಂದೆ ಹಿಂದಿನವನನ್ನು ಕಾಯಿಸಬೇಡಿರೆಂದು ಒಂದು ಮಾತು ಸೇರಿಸಿದರೆ ತಪ್ಪಿಲ್ಲ. ಊರ ಬಾವಿಕಟ್ಟೆಯಲ್ಲಿ ತನ್ನ ಕೊಡ ತುಂಬಿದೊಡನೆ ಪಕ್ಕಕ್ಕೆ ಸರಿದು ಹಗ್ಗವನ್ನು ಮುಂದಿನವರ ಕೈಗೆ ಕೊಡುತ್ತಿದ್ದ ನಮ್ಮ ಹಿರಿಯರಿಗೆ ಈ ನೀತಿಯನ್ನು ಯಾರೂ ಬರೆದು ಕಲಿಸಿರಲಿಲ್ಲ.